ಗೋಡೆಯೊಳಗೆ ಸಿಕ್ಕ ಕ್ಷೌರದ ಕತ್ತಿ

ಬೆಲಾರ್ಮಿನಾ ಒಸ್ಸಾಳ ಅಪ್ಪ ಸತ್ತದ್ದು ಸಾಣೆಕಲ್ಲು ಸಿಡಿದು. ತಿರುಗುತ್ತಿದ್ದ ಕಲ್ಲು ಮೂರು ಹೋಳಾಯಿತು. ಒಂದು ಹೋಳು ಹೆಂಚು ಒಡೆದುಕೊಂಡು ಬೀದಿಗೆ ಹಾರಿತು, ಇನ್ನೊಂದು ಮಣ್ಣಿನ ಗೋಡೆಯಲ್ಲಿ ಹೂತುಕೊಂಡಿತು, ಮೂರನೆಯದು ಅವನ ಎದೆಗೂಡನ್ನು ಒಳಕ್ಕೆ ತಳ್ಳಿತು. ಆಗ ಅವಳಿಗೆ ಹದಿನೇಳು. ಹೆಣ ಎತ್ತಿದ ಮೇಲೆ ನೆಲದ ರಕ್ತಕ್ಕೆ ಬೂದಿ ಎರಚಿ ಗುಡಿಸಿದಳು. ಒಂಬತ್ತು ದಿನದ ಜಪ ಮುಗಿಸಿದಳು. ಹತ್ತನೆಯ ದಿನ ಕೌಕಾ ನದಿಯ ಆಚೆಯಿಂದ ಹೊಸ ಕಲ್ಲನ್ನು ಹೇಸರಗತ್ತೆಯ ಮೇಲೆ ಹೇರಿಸಿಕೊಂಡು ಬಂದು, ಅದೇ ಅಚ್ಚಿಗೆ ಏರಿಸಿ, ಅದೇ ಕಡೆ ಕುಳಿತಳು.

"ಹೆದ್ರಿಕೆ ಆಗಲ್ವೇನವ್ವಾ?" ಎಂದು ಪಾದ್ರಿ ಕೇಳಿದ್ದಕ್ಕೆ, "ಕಲ್ಲಿಗೆ ನಮ್ಮಪ್ಪನ್ ಮ್ಯಾಲೆ ಏನೂ ಹಗೆ ಇರ್ಲಿಲ್ಲ ಸ್ವಾಮಿ. ನನ್ ಮ್ಯಾಲೂ ಇಲ್ಲ" ಎಂದಳು.

ನಮ್ಮ ಪಿಯೆದ್ರಾಗೋರ್ದಾ ಹೇಸರಗತ್ತೆ ಹೊಡೆಯುವವರ ಊರು. ಹೆಗಲಿಗೆ ಇಳಿಬಿಟ್ಟ ಚರ್ಮದ ಚೀಲದಲ್ಲಿ ಮೇರಿಮಾತೆಯ ಪಟ, ದಾಳ, ಮೇಣದಬತ್ತಿಯ ತುಂಡು, ಕ್ಷೌರದ ಕತ್ತಿ ಇಲ್ಲದ ಗಂಡಸು ಇಲ್ಲಿ ಗಂಡಸಲ್ಲ. ಆ ಚೀಲಗಳನ್ನು ಹೊಲಿಯುವುದು ನನ್ನ ಕಸುಬು. ಅವುಗಳೊಳಗಿನ ಕತ್ತಿಗಳನ್ನು ನೋಡಿಕೊಳ್ಳುವುದು ಅವಳ ಕಸುಬು. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಗಡ್ಡಕ್ಕೂ ಅದೇ ಕತ್ತಿ, ಜಗಳಕ್ಕೂ ಅದೇ. ಜಗಳಕ್ಕೆ ಇಳಿಯುವವನು ಕತ್ತಿಯನ್ನು ಬಿಚ್ಚಿ, ಅಲಗಿನ ಬುಡವನ್ನೂ ಹಿಡಿಯನ್ನೂ ಸೇರಿಸಿ ಮೇಣದ ದಾರದಿಂದ ಬಿಗಿಯಾಗಿ ಸುತ್ತುತ್ತಾನೆ. ಇಲ್ಲದಿದ್ದರೆ ಹೊಡೆತಕ್ಕೆ ಅಲಗು ಮಡಚಿಕೊಂಡು ಅವನದೇ ಬೆರಳುಗಳನ್ನು ತಿನ್ನುತ್ತದೆ. ಸುತ್ತಲು ಬಾರದೆ ಎರಡು ಬೆರಳು ಕಳೆದುಕೊಂಡವರು ನಮ್ಮ ಬೀದಿಯಲ್ಲೇ ಮೂವರಿದ್ದರು.

ಹಳೆಯ ಕತ್ತಿಯನ್ನು ಓದುವುದರಲ್ಲಿ ಬೆಲಾರ್ಮಿನಾಳಿಗೆ ಸಾಟಿಯಿಲ್ಲ. ಪುಸ್ತಕ ಓದಿ ಕಲಿತವನು ನಾನು, ಉಕ್ಕು ಓದಿ ಕಲಿತವಳು ಅವಳು. ಯಾರ ಓದು ದೊಡ್ಡದೆಂದು ಹೇಳಲಾರೆ. ಬೆಣೆಯಂತೆ ದಪ್ಪ ಅಲಗಿದ್ದರೆ ಇಂಗ್ಲಿಷರದು, ಅಜ್ಜಂದಿರ ಕಾಲದ್ದು. ಇಕ್ಕೆಲ ತೋಡಿ ತೆಳುವಾಗಿಸಿದ್ದರೆ ಜರ್ಮನ್ನರದು. ಉಗುರಿನಿಂದ ಮೀಟಿ ಕಿವಿಗೆ ಹಿಡಿಯುವಳು. ಗಂಟೆಯಂತೆ ನಾದ ಬಂದರೆ ಬದುಕಿದೆ, ಮಡಕೆಯ ಸದ್ದಾದರೆ ಒಳಗೆ ಬಿರುಕಿದೆ. ಅಲಗು ಯಾವ ಕಡೆ ಸವೆದಿದೆ ಎಂದು ನೋಡಿ, ಇದರ ಧಣಿ ಎಡಗೈಯವನು, ಕುಡುಕ, ಚರ್ಮದ ಪಟ್ಟಿಗೆ ಉಜ್ಜುವಾಗ ಕೈ ನಡುಗುತ್ತದೆ ಎಂದು ಮುಖಕ್ಕೆ ಹೇಳಿಬಿಡುವಳು. ಹಿಡಿಯ ಕೊಂಬು ಹುಳು ತಿಂದಿದ್ದರೆ ಹೊಸ ಕೊಂಬು ಕೂರಿಸುವಳು. ಹಾಗೆ ಕೂರಿಸುವ ಮುನ್ನ ಅಲಗಿನ ಬುಡದಲ್ಲಿ, ಹಿಡಿಯ ಕೆಳಗೆ ಮುಚ್ಚಿಹೋಗುವ ಜಾಗದಲ್ಲಿ, ಧಣಿಯ ಹೇಸರಗತ್ತೆಗಳ ಮುದ್ರೆಯನ್ನು ಸೂಜಿಮೊಳೆಯಿಂದ ಗೀರುವಳು. ಕತ್ತಿ ಕಳವಾದರೆ ಗುರುತಿಗೆ ಇರಲಿ ಎಂದು. ಅಪ್ಪನಿಂದ ಬಂದ ಪದ್ಧತಿ ಅದು.

ಅವಳಿಗೆ ಒಬ್ಬನೇ ತಮ್ಮ, ಅನಾನಿಯಾಸ್. ಗಂಡ ಇಲ್ಲ, ಮಕ್ಕಳಿಲ್ಲ. ತಮ್ಮನೇ ಅವಳ ಎಲ್ಲ.

ಊರಿನ ಕೆಳಗಡೆ ರೊಸೆಂದಾ ಮರುಲಾಂದಾಳ ತಂಗುಮನೆ. ದಾರಿಹೋಕರಿಗೆ ಸೋಂಪಿನ ಸಾರಾಯಿ, ಮೆಕ್ಕೆಜೋಳದ ರೊಟ್ಟಿ, ಹೇಸರಗತ್ತೆಗಳಿಗೆ ಹುಲ್ಲು. ಅವಳ ಮಗ ಕ್ರಿಸಾಂತೋ ದೊಡ್ಡ ಮೀಸೆಯ, ದೊಡ್ಡ ಬಾಯಿಯ ಗಂಡು. ಒಂದು ಭಾನುವಾರ ಮಧ್ಯಾಹ್ನ ತಂಗುಮನೆ ತುಂಬಿತ್ತು, ನಾನೂ ಅಲ್ಲಿದ್ದೆ. ಹೆಗಲ ಮೇಲೆ ಕಂಬಳಿ ಹೊದ್ದ ಕ್ರಿಸಾಂತೋ ನೇರವಾಗಿ ಅನಾನಿಯಾಸನ ಮುಂದೆ ಬಂದು ನಿಂತ.

"ಏನ್ಲಾ ಅನಾನಿಯಾಸ್, ನಿನ್ ಕತ್ತಿ ಮಸಿಯೋದು ನಿಮ್ಮಕ್ಕನಂತೆ? ಹೆಂಗಸು ಮಸೆದ ಕತ್ತೀಲಿ ಗಡ್ಡ ಕೆರೆದ್ರೆ ಮೊಲೆ ಬೆಳೀತವಂತೆ, ನಿಜವೇನ್ಲಾ?"

"ನಿನ್ ಅಂಗಿ ಹೊಲಿದೋಳು ನಿಮ್ಮವ್ವ" ಎಂದ ಅನಾನಿಯಾಸ್, ಲೋಟ ಕೆಳಗಿಡದೆ. "ಹಂಗಂತ ನೀನು ಲಂಗ ಉಟ್ಟಂಗಾಯ್ತೇನ್ಲಾ?"

ನಗು ಎದ್ದಿತು. ಕ್ರಿಸಾಂತೋ ಅವನ ಮುಖಕ್ಕೆ ಸಾರಾಯಿ ಎರಚಿದ. ಕಣ್ಣು ಮುಚ್ಚಿದಂತೆಯೇ ಅನಾನಿಯಾಸ್ ಕತ್ತಿ ಎಳೆದು ಬೀಸಿದ; ಕ್ರಿಸಾಂತೋನ ಕಿವಿಯ ಅರ್ಧ ಮೇಜಿನ ಮೇಲೆ ಬಿತ್ತು. ಮೇಜುಗಳು ಉರುಳಿದವು, ಬಾಟಲಿಗಳು ಒಡೆದವು, ನಾವೆಲ್ಲ ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಅಂಗಳಕ್ಕೆ ಬಂದೆವು. ಆಮೇಲೆ ಒಳಗೆ ಉಳಿದವರು ಮೂವರೇ: ಅವರಿಬ್ಬರು, ಒಲೆಯ ಹತ್ತಿರ ರೊಸೆಂದಾ. ಒಂದು ಕೂಗು ಕೇಳಿತು. ಒಳಗೆ ಹೋಗಿ ನೋಡಿದರೆ ಕ್ರಿಸಾಂತೋ ಬೋರಲು ಬಿದ್ದಿದ್ದ. ತೊಡೆಯ ಸಂದಿಯಿಂದ ರಕ್ತ ಚಿಲುಮೆಯಂತೆ ಉಕ್ಕಿ ಸಾರಾಯಿಯೊಂದಿಗೆ ಬೆರೆಯುತ್ತಿತ್ತು. ರೊಸೆಂದಾ ಅವನ ಮೇಲೆ ಬಿದ್ದುಕೊಂಡಿದ್ದಳು, ಹೊದ್ದ ಕೆಂಪು ಅಂಚಿನ ಮೇಲುಬಟ್ಟೆಯನ್ನು ಎದೆಗೆ ಒತ್ತಿಕೊಂಡು.

"ಬರಿಗೈಲಿದ್ದ ನನ್ ಮಗನ್ನ ಕೊಂದ! ಬರಿಗೈಲಿದ್ದೋನ!" ಎಂದು ಅರಚಿದಳು.

ಅನಾನಿಯಾಸ್ ನ್ಯಾಯಾಧೀಶನ ಮುಂದೆ ಒಂದೇ ಮಾತು ಹೇಳಿದ. "ಕಿವಿ ತೆಗೆದೋನು ನಾನು. ಜೀವ ತೆಗೆದೋನು ನಾನಲ್ಲ. ಕಂಬಳಿ ಕೆಳಗಿಂದ ಕತ್ತಿ ತೆಗೆದು ನನ್ ಮ್ಯಾಲೆ ಹಾರ್ದ, ಸಾರಾಯಿ ಮ್ಯಾಲೆ ಕಾಲು ಜಾರ್ತು, ತನ್ ಕತ್ತಿ ಮ್ಯಾಲೆ ತಾನೇ ಬಿದ್ದ." ಆ ಕತ್ತಿ ಎಲ್ಲಿ ಎಂದು ಕೇಳಿದರು. ಕತ್ತಿ ಎಲ್ಲೂ ಸಿಗಲಿಲ್ಲ. ಹದಿನಾಲ್ಕು ವರ್ಷ ಕಲ್ಲು ಒಡೆಯುವ ಶಿಕ್ಷೆ.

ಕೊಂದವನನ್ನು ನಮ್ಮ ಊರು ಕ್ಷಮಿಸುತ್ತದೆ. ಬರಿಗೈಯವನನ್ನು ಕೊಂದವನನ್ನು ಕ್ಷಮಿಸುವುದಿಲ್ಲ, ಅವನ ಮನೆಯವರನ್ನೂ ಬಿಡುವುದಿಲ್ಲ. ಬೆಲಾರ್ಮಿನಾಳ ಬಾಗಿಲಿಗೆ ಸತ್ತ ನಾಯಿ ಕಟ್ಟಿದರು. ಹಂದಿಯ ಕರುಳು ಎಸೆದರು. ಸಂತೆಯ ದಿನ, ಹಾಡಹಗಲು, ಕ್ರಿಸಾಂತೋನ ದಾಯಾದಿಯೊಬ್ಬ ಅವಳ ಜಡೆ ಹಿಡಿದು ತಿರುಗಿಸಿ ಕಣ್ಣಿನ ಕೆಳಗಿಂದ ಗದ್ದದ ತನಕ ಕೆನ್ನೆ ಸೀಳಿದ. ಅವಳು ಬೀಳಲಿಲ್ಲ. ಕೆನ್ನೆಯ ಎರಡು ತುದಿಗಳನ್ನು ಬೆರಳಿನಿಂದ ಸೇರಿಸಿ ಹಿಡಿದುಕೊಂಡು ಅವನನ್ನೇ ನೋಡಿದಳು.

"ಎರಡು ತಿಂಗಳಿಂದ ಸಾಣೆ ಕಂಡಿಲ್ಲ ನಿನ್ ಕತ್ತಿ. ಹರೀತು, ಕೊಯ್ಲಿಲ್ಲ. ನಾಳೆ ತಗಂಡ್ ಬಾ."

ನನ್ನ ಚರ್ಮ ಹೊಲಿಯುವ ಸೂಜಿಯಿಂದಲೇ ಹನ್ನೊಂದು ಹೊಲಿಗೆ ಹಾಕಿದೆ. ಒಂದಕ್ಕೂ ಮುಲುಕಲಿಲ್ಲ. ಆ ದಾಯಾದಿ ಮರುದಿನ ಬರಲಿಲ್ಲ. ಒಂದು ವರ್ಷದ ಮೇಲೆ ಬಂದ. ಯಾಕೆಂದರೆ ಅವಳನ್ನು ಬಿಟ್ಟರೆ ಸುತ್ತ ನಾಲ್ಕು ದಿನದ ದಾರಿಯಲ್ಲಿ ಸಾಣೆ ಹಿಡಿಯುವವರಿರಲಿಲ್ಲ. ಅವನ ಕತ್ತಿಯನ್ನೂ ಮಿಕ್ಕವರ ಕತ್ತಿಯಂತೆಯೇ ಮಸೆದು ಕೊಟ್ಟಳು.

ಕ್ರಿಸಾಂತೋ ಸತ್ತಾಗ ಅವನ ಮಗ ಹಿಲ್ದಾರ್ದೋಗೆ ಐದು ವರ್ಷ. ತಾಯಿಯಿಲ್ಲದ ಆ ಕೂಸನ್ನು ಅಜ್ಜಿ ರೊಸೆಂದಾ ಹಾಲಿನ ಜೊತೆ ಹಗೆ ಕುಡಿಸಿ ಬೆಳೆಸಿದಳು. ಅಪ್ಪನ ರಕ್ತಕ್ಕೆ ರಕ್ತ ತೆಗೆಯುವ ತನಕ ಮಗ ಮುಖಕ್ಕೆ ಕತ್ತಿ ಸೋಕಿಸಬಾರದು ಎಂಬುದು ನಮ್ಮ ಕಡೆಯ ಹರಕೆ. ಹತ್ತೊಂಬತ್ತು ತುಂಬುವ ಹೊತ್ತಿಗೆ ಅವನ ಗಡ್ಡ ಎದೆಗೆ ಇಳಿದಿತ್ತು. ಸೊಂಟದಲ್ಲಿ ಮಚ್ಚು. ಬೆಲಾರ್ಮಿನಾಳ ಅಂಗಡಿ ಮುಂದೆ ಹಾಯುವಾಗಲೆಲ್ಲ ಮಚ್ಚಿನ ತುದಿಯಿಂದ ಅವಳ ಬಾಗಿಲ ಕಂಬಕ್ಕೆ ಒಂದು ಕಚ್ಚು ಹಾಕುತ್ತಿದ್ದ.

"ಇನ್ ಎಷ್ಟು ವಾರ ಸಾಣೆಗಾರ್ತಿ, ನಿನ್ ತಮ್ಮ ಬರೋಕೆ?"

"ಆರು" ಎಂದಳು ಅವಳು, ಕಲ್ಲಿನಿಂದ ಕಣ್ಣೆತ್ತದೆ. "ಮಚ್ಚು ಮೊಂಡಾಗೈತೆ. ಕಂಬ ಕಡಿಯೋಕೂ ಆಗ್ತಿಲ್ಲ ನಿನ್ ಕೈಲಿ."

ಹದಿನಾಲ್ಕು ವರ್ಷ ಕಲ್ಲು ಒಡೆದವನು ಮನೆ ಹೊಸ್ತಿಲಲ್ಲಿ ಸಾಯಲೆಂದೇ ಬರುತ್ತಿದ್ದ.

ತಮ್ಮ ಬರಲು ಎರಡು ವಾರವಿದ್ದಾಗ ಮಳೆಗೆ ರೊಸೆಂದಾಳ ತಂಗುಮನೆಯ ಹಿಂದಿನ ಮಣ್ಣುಗೋಡೆ ಕುಸಿಯಿತು. ಅದನ್ನು ಕಟ್ಟಲು ಬಂದ ಗಾರೆಯವನು, ನಾರ್ಸಿಸೊ ಅಂತ, ಹೊರ ಊರಿನವನು. ಅವನು ಮುದುರಿದ ಬಟ್ಟೆಯ ಗಂಟೊಂದನ್ನು ತಂದು ಬೆಲಾರ್ಮಿನಾಳ ಮುಂದಿಟ್ಟ.

"ಮಣ್ಣಲ್ಲಿ ಸಿಕ್ತು ಕಣಕ್ಕ. ಹಳೇ ಮಾಲು. ಗಡ್ಡಕ್ಕೆ ಆಗೋಂಗೆ ಮಾಡ್ಕೊಡು."

ತುಕ್ಕಿನ ಮುದ್ದೆಯದು. ಅವಳು ನನ್ನನ್ನು ಕೂಗಿದಳು. "ಗೆಳೆಯಾ, ಬಾ ಇಲ್ಲಿ. ನೀನು ನೋಡು, ನಾನು ಹೇಳ್ತೀನಿ." ಬೆಣೆಯಂಥ ದಪ್ಪ ಅಲಗು: ಇಂಗ್ಲಿಷರದು, ಅರವತ್ತು ವರ್ಷಕ್ಕೆ ಕಡಿಮೆಯಿಲ್ಲ. ಉಗುರಿನಿಂದ ಮೀಟಿದಳು. ನಾದವಿತ್ತು. ನಿಂಬೆರಸ, ಬೂದಿ ಹಚ್ಚಿ ಬೆಂಡಿನ ತುಂಡಿನಿಂದ ಮೆತ್ತಗೆ ಉಜ್ಜಿದಳು. ಹಿಡಿಯ ಕೊಂಬು ಅಲಗಿಗಿಂತ ಹೊಸದು, ಎತ್ತಿನ ಕೊಂಬು, ತುದಿಯನ್ನು ಮೀನಿನ ಬಾಲದಂತೆ ಕೊರೆದದ್ದು. ಆ ಕೊರೆತ ಈ ಸೀಮೆಯಲ್ಲಿ ಅವಳೊಬ್ಬಳದೇ. ಅಲಗಿನ ಬುಡದಲ್ಲಿ ಕಪ್ಪಾದ ದಾರ ಇನ್ನೂ ಸುತ್ತಿಕೊಂಡಿತ್ತು. ಅದನ್ನು ಒಂದು ಸುತ್ತು ಸರಿಸಿದಾಗ ಕೆಳಗೆ ಉಕ್ಕು ನಿನ್ನೆಯದರಂತೆ ಬಿಳುಪಾಗಿತ್ತು. ಮೇಣ ತುಕ್ಕನ್ನು ತಡೆದಿತ್ತು. ಅಲಗಿನ ಮೇಲ್ಭಾಗದಲ್ಲಿ ಮಾತ್ರ ಸಿಡುಬಿನಂಥ ಗುಳಿಗಳು.

"ನೀರು ಹಿಂಗೆ ತಿನ್ನಲ್ಲ" ಎಂದಳು. "ರಕ್ತ ಹಿಂಗೆ ತಿಂತದೆ. ಒರೆಸ್ದೆ ಮುಚ್ಚಿಟ್ಟ ರಕ್ತ."

ಬಟ್ಟೆಯನ್ನು ಬಿಡಿಸಿದಳು. ಹೆಂಗಸಿನ ಮೇಲುಬಟ್ಟೆಯ ತುಂಡು, ಅಂಚಿಗೆ ಕೆಂಪು ನೂಲು. ಆ ಅಂಚನ್ನು ಬೆರಳಿನಿಂದ ಸವರಿ, ತಂಗುಮನೆಯ ಕಡೆ ನೋಡಿದಳು.

ಅವಳು ಹಿಡಿಯ ಮೊಳೆ ಬಿಚ್ಚಲಿಲ್ಲ. ಬಿಚ್ಚಿದರೆ ಒಳಗಿನ ಮುದ್ರೆಯನ್ನು ಈಗ ಅವಳೇ ಗೀರಿದಳೆಂದು ಯಾರಾದರೂ ಹೇಳಬಹುದು. ನಾರ್ಸಿಸೊಗೆ, "ಹಿಲ್ದಾರ್ದೋನ್ನ ಕರಿ. ಸಾಣೆಗಾರ್ತಿ ಕರೀತಾಳೆ ಅನ್ನು. ಮಚ್ಚೂ ತರ್ಲಿ" ಎಂದಳು.

ಅವನು ಬಂದ. ಬಾಗಿಲ ಕಂಬಕ್ಕೆ ಒಂದು ಕಚ್ಚು ಹಾಕಿಯೇ ಒಳಗೆ ಬಂದ.

"ಏನ್ ಬೇಡ್ಕೊಳ್ತೀಯ ಮುದ್ಕಿ? ಕಾಲಿಗ್ ಬಿದ್ರೂ ಬಿಡಲ್ಲ."

"ಕಾಲು ನಿಂದು, ಬೀಳೋದು ನಾನು? ಸೊಂಟ ನೋಯ್ತದೆ. ಕೂತ್ಕೊ." ಸುತ್ತಿಗೆಯನ್ನೂ ಒಂದು ಕಬ್ಬಿಣದ ಮೊಳೆಯನ್ನೂ ಅವನ ಕೈಗೆ ಕೊಟ್ಟಳು. "ಈ ಕತ್ತಿ ನಿಮ್ಮ ಗೋಡೇಲಿ ಸಿಕ್ತು. ಈ ತಾಮ್ರದ ಮೊಳೆ ತಲೆ ಅರ ಹಾಕಿ ತೆಗ್ದಿದೀನಿ. ನೀನೇ ಹೊಡ್ದು ಬೀಳಿಸು. ನಾನು ಮುಟ್ಟಲ್ಲ. ಬುಡದಲ್ಲಿ ಏನೈತೆ ಅಂತ ನೀನೇ ಹೇಳು."

ಅವನು ನಕ್ಕು ಹೊಡೆದ. ಮೂರನೆಯ ಏಟಿಗೆ ಮೊಳೆ ಬಿತ್ತು. ದಾರ ಹರಿದು, ಹಿಡಿ ಎರಡಾಗಿ ಬಿಚ್ಚಿಕೊಂಡಿತು. ಅಲಗಿನ ಬುಡದಲ್ಲಿ ಅರ್ಧಚಂದ್ರ, ಅದರ ಕೆಳಗೆ ಎರಡು ಅಡ್ಡಗೆರೆ. ಅವನ ಕೊಟ್ಟಿಗೆಯ ಹನ್ನೆರಡು ಹೇಸರಗತ್ತೆಗಳ ತೊಡೆಯ ಮೇಲೆ ಬೆಂಕಿಯಿಂದ ಸುಟ್ಟ ಅದೇ ಮುದ್ರೆ.

ಅವನ ನಗು ತುಟಿಯಲ್ಲೇ ಸತ್ತಿತು.

"ನಿಮ್ಮಪ್ಪಂದು" ಎಂದಳು ಬೆಲಾರ್ಮಿನಾ. "ಹೆಂಗಸು ಮಸೆದ ಕತ್ತಿ ಅಂತ ನಗಾಡಿದೋನು, ಆ ಜಗಳಕ್ಕೆ ತಿಂಗಳ ಮೊದ್ಲು ಹಿತ್ತಿಲ ಬಾಗಿಲಿಂದ ಬಂದು ಇದಕ್ಕೆ ನನ್ ಕೈಲೇ ಕೊಂಬು ಹಾಕಿಸ್ಕಂಡಿದ್ದ. ಈ ದಾರ ನೋಡು. ಬಿಗಿಯಾಗಿ ಸುತ್ತೋಕೆ ಎರಡೂ ಕೈ ಬೇಕು, ಮೂರು ಜಪದ ಹೊತ್ತು ಬೇಕು. ಕಿವಿ ಕಳ್ಕಂಡೋನಿಗೆ ಅಷ್ಟು ಪುರಸೊತ್ತು ಎಲ್ಲಿತ್ತು? ಸುತ್ಕಂಡೇ ಬಂದಿದ್ದ. ಜಗಳ ಆಡಾಕೇ ಬಂದಿದ್ದ."

"ಸುಳ್ಳು!" ಮಚ್ಚು ಮೇಲೆದ್ದಿತು. ನಾನು ಅಡ್ಡ ಹೋದೆ. ಮಚ್ಚಿನ ಹಿಂಬದಿ ನನ್ನ ಭುಜಕ್ಕೆ ಬಿದ್ದು ಎಲುಬು ಲಟ್ಟೆಂದಿತು. ಬೆಲಾರ್ಮಿನಾ ಅಲುಗಲಿಲ್ಲ. ಕೆಂಪು ನೂಲಿನ ಬಟ್ಟೆಯನ್ನು ಅವನ ಮುಖದ ಮುಂದೆ ಹಿಡಿದಳು.

"ನನ್ನ ಕಡಿ, ಬೇಡ ಅನ್ನಲ್ಲ. ಮೊದ್ಲು ಇದು ಯಾರ ಬಟ್ಟೆ ಅಂತ ನಿಮ್ಮಜ್ಜೀನ ಕೇಳು."

ರೊಸೆಂದಾ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಮುರಿದ ಭುಜ ಹಿಡಿದುಕೊಂಡು ನಾನೂ ಹೋದೆ, ಬೆಲಾರ್ಮಿನಾಳೂ ಬಂದಳು. ಮೊಮ್ಮಗ ಅಲಗನ್ನೂ ಬಟ್ಟೆಯನ್ನೂ ರೊಟ್ಟಿಯ ಹಿಟ್ಟಿನ ಮೇಲೆ ಎಸೆದ. ಮುದುಕಿ ಅಲಗನ್ನು ಎತ್ತಿಕೊಂಡಳು. ಬೆರಳಿನಿಂದ ಹಿಟ್ಟು ತೆಗೆದಳು.

"ಜಾರಿ ಬಿದ್ದ" ಎಂದಳು. "ನನ್ ಕಣ್ಮುಂದೆ. ಹಂದಿ ಥರ ತನ್ ಕತ್ತಿ ಮ್ಯಾಲೆ ತಾನೇ ಬಿದ್ದ. ಮರುಲಾಂದಾ ಮನೆ ಗಂಡು ಕುಡ್ದು ಜಾರಿ ಸತ್ತ ಅಂತ ಹೇಳ್ಲೇನೋ ಊರಿಗೆ? ನಗ್ತಿದ್ರು. ನಿಂಗೆ 'ಜಾರಿದೋನ ಮಗ' ಅಂತ ಹೆಸರಿಡ್ತಿದ್ರು. ಕೊಂದ್ರು ಅಂದ್ರೆ ಗಂಡಸಿನ ಸಾವು."

"ಹದಿನಾಲ್ಕು ವರ್ಷ ಅಜ್ಜಿ!"

"ಅವಂಗೆ ಹದಿನಾಲ್ಕು. ನಿಂಗೆ ಜೀವಮಾನ."

ಹಿಲ್ದಾರ್ದೋ ಮಚ್ಚಿನಿಂದ ಮೇಜು ಕಡಿದ, ಬಾಟಲಿಗಳ ಸಾಲು ಕಡಿದ, ಬಾಗಿಲ ತೋಳು ಕಡಿದ. ಅಜ್ಜಿಯ ತಲೆಯ ಮೇಲೆ ಎತ್ತಿದವನು ಮಚ್ಚನ್ನು ಒಲೆಗೆ ಇಳಿಸಿದ. ಕೆಂಡ ಹಾರಿ ಅವಳ ಸೆರಗಿನಲ್ಲಿ ಬಿದ್ದರೂ ಅವಳು ಕದಲಲಿಲ್ಲ. ಕೊನೆಗೆ ಅವನು ನೆಲಕ್ಕೆ ಕುಸಿದು, ತನ್ನ ಗಡ್ಡವನ್ನು ಎರಡು ಕೈಯಲ್ಲಿ ಹಿಡಿದು ಎಳೆಯುತ್ತಾ ಕೂತ. ಚರ್ಮ ಕಿತ್ತು ರಕ್ತ ಒಸರಿತು.

"ನಿನ್ ತಮ್ಮನ್ನ ಮುಟ್ಟಲ್ಲ" ಎಂದ ಬೆಲಾರ್ಮಿನಾಳಿಗೆ. "ಹೋಗು."

ತಮ್ಮ ಬದುಕಿದ ಎಂದುಕೊಂಡಳು. ಅಲ್ಲೇ ಅವಳ ಲೆಕ್ಕ ತಪ್ಪಿತು. ಅನಾನಿಯಾಸ್ ಬಂದದ್ದು ಶುಕ್ರವಾರ, ಬೆಳಗಿನ ಬಿಸಿಲಲ್ಲಿ. ಹಲ್ಲು ಬಿದ್ದು, ಬೆನ್ನು ಬಾಗಿ, ಉಗುಳಿದರೆ ಕಲ್ಲಿನ ಧೂಳಿನ ಕಪ್ಪು. ಅಕ್ಕ ಬೆಲ್ಲದ ನೀರು ಕೊಟ್ಟು, ಸಂತೋಷದಿಂದ ಎಲ್ಲ ಹೇಳಿದಳು: ಗೋಡೆ, ದಾರ, ಮುದ್ರೆ, ಮುದುಕಿಯ ಮಾತು. ಊರೆಲ್ಲ ಈಗ ನಿನ್ನ ಕಡೆ ಎಂದಳು. ಅವನು ಲೋಟ ಖಾಲಿ ಮಾಡಿ ಕೆಳಗಿಟ್ಟ.

"ಒಂದು ಮುದುಕಿ ನಾಚಿಕೆಗೆ ಹದಿನಾಲ್ಕು ವರ್ಷ" ಎಂದ. "ಎಲ್ಲೈತೆ ಆ ಕತ್ತಿ?"

ಕತ್ತಿ ಅಲ್ಲೇ ಇತ್ತು. ನಾರ್ಸಿಸೊನ ಮಾಲೆಂದು ತಂಗುಮನೆಯಿಂದ ವಾಪಸು ತಂದು, ಹೊಸ ಮೊಳೆ ಹಾಕಿ ಹಿಡಿ ಕೂರಿಸಿದ್ದಳು, ಮಸೆಯುವುದೊಂದು ಬಾಕಿ.

"ಮಸಿ."

"ಅದು ಬ್ಯಾರೆಯೋರ್ದು ಕಣಪ್ಪಾ."

"ಮಸಿ ಅಕ್ಕ. ಅದೇ ಕತ್ತೀಲಿ ಅವಳ ಕುತ್ಗೆ ಕೊಯ್ತೀನಿ. ನೀ ಮಸಿಲಿಲ್ಲ ಅಂದ್ರೆ ಕೊಡ್ಲಿ ಐತೆ, ಕಲ್ಲೈತೆ, ಈ ಕೈ ಐತೆ. ಕಲ್ ಒಡ್ದ ಕೈ ಇದು." ಅಕ್ಕನ ಕುಪ್ಪಸ ಹಿಡಿದು ಗೋಡೆಗೆ ಒತ್ತಿದ; ಹೊಲಿದ ಕೆನ್ನೆಯ ಮೇಲೆ ಒಂದು ಏಟು ಬಿಟ್ಟ. ಆ ಸದ್ದು ನನ್ನ ಮನೆಗೆ ಕೇಳಿತು.

ಅವಳು ಕಲ್ಲಿನ ಮುಂದೆ ಕುಳಿತಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕಲ್ಲಿನ ಮೇಲೆ ಸದಾ ತೊಟ್ಟಿಕ್ಕುವ ನೀರಿನ ಡಬ್ಬಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು. ಒಣಕಲ್ಲಿಗೆ ಅಲಗನ್ನು ಒತ್ತಿದಳು. ಕಿಡಿಯ ಜಡಿಮಳೆ ಸುರಿಯಿತು. ಅಂಚು ಹೊಂಬಣ್ಣ, ನೀಲಿ, ಆಮೇಲೆ ಹಣ್ಣಾದ ಮೆಣಸಿನಕಾಯಿಯ ಕೆಂಪು. ಅನಾನಿಯಾಸ್ ಹೇಸರಗತ್ತೆ ಹೊಡೆಯುವವನು, ಸಾಣೆ ತಿಳಿಯದವನು. ಕಿಡಿ ಹೆಚ್ಚಾದಷ್ಟೂ ಹರಿತ ಹೆಚ್ಚು ಎಂದುಕೊಂಡ. ನಾನು ಇಪ್ಪತ್ತನಾಲ್ಕು ವರ್ಷದಿಂದ ಆ ಕಲ್ಲಿನ ಸದ್ದು ಕೇಳುತ್ತಿದ್ದವನು. ಒಳ್ಳೆಯ ಉಕ್ಕಿಗೆ ಗಡಸು ಕೊಡುವ ಹದವನ್ನು ಅವಳು ಬೇಕೆಂದೇ ಸುಡುತ್ತಿದ್ದಳು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ಹೆತ್ತ ಕೂಸಿನ ಕತ್ತು ಹಿಸುಕುವವರ ಮುಖ ಹಾಗಿರುತ್ತದೇನೋ. ಆಮೇಲೆ ಬೂದಿಯಿಂದ ಉಜ್ಜಿ ಬಣ್ಣ ತೆಗೆದಳು. ಅಲಗು ಕನ್ನಡಿಯಾಯಿತು. ಚರ್ಮದ ಪಟ್ಟಿಗೆ ನಾಲ್ಕು ಸಲ ಎಳೆದು ತಮ್ಮನ ಮುಂಗೈ ಮೇಲೆ ಹಾಯಿಸಿದಳು. ಕೂದಲು ಉದುರಿದವು.

"ಎಣ್ಣೆ ಹಚ್ತೀನಿ ತಡಿ" ಎಂದು ವಾಪಸು ತಗೊಂಡು, ಅವನಿಗೆ ಬೆನ್ನು ತಿರುಗಿಸಿ, ಎಣ್ಣೆಯ ಬಾಟಲಿಯ ಗಾಜಿನ ಕುತ್ತಿಗೆಗೆ ಅಂಚನ್ನು ಒಂದು ಸಲ ಉದ್ದಕ್ಕೆ ಎಳೆದಳು. ಹದವಿರುವ ಉಕ್ಕಾದರೆ ಅಂಚು ಅಷ್ಟಕ್ಕೆ ಪೂರಾ ಸಾಯುವುದಿಲ್ಲ. ಹದ ಸತ್ತದ್ದು ತಗಡಿನಂತೆ ಮಗುಚಿಕೊಂಡಿತು.

ತಂಗುಮನೆಗೆ ಅವನು ಓಡಿದ, ನಾವು ಹಿಂದೆ ಓಡಿದೆವು. ಹಿಲ್ದಾರ್ದೋ ಕೊಟ್ಟಿಗೆಯಲ್ಲಿದ್ದ. ಅನಾನಿಯಾಸ್ ರೊಸೆಂದಾಳ ಜಡೆ ಹಿಡಿದು ತಲೆ ಹಿಂದಕ್ಕೆ ಎಳೆದಿದ್ದ. ಮುದುಕಿ ಕಣ್ಣು ಮುಚ್ಚಲಿಲ್ಲ.

"ಎಳಿ" ಎಂದಳು. "ಕೈ ನಡುಗ್ತೈತೇನೋ ನಿಂದು?"

ಅವನು ಎಳೆದ. ಒಂದು ಕಿವಿಯಿಂದ ಇನ್ನೊಂದು ಕಿವಿಗೆ, ಇಡೀ ಮೈಯ ಭಾರ ಹಾಕಿ. ಚರ್ಮ ತರಚಿ ಕೆಂಪು ಗೆರೆ ಮೂಡಿತು, ರಕ್ತ ಹನಿಯಿತು, ಅಷ್ಟೇ. ಮತ್ತೆ ಎಳೆದ. ಮತ್ತೆ. ಹಲಗೆಯಿಂದ ಉಜ್ಜಿದಂತೆ. ಮುದುಕಿಯ ಬಾಯಿಂದ ಆ ಹೊತ್ತಿಗೆ ಪ್ರಾಣಿಯ ಕೂಗೊಂದು ಹೊರಟಿತು. ಹಿಲ್ದಾರ್ದೋ ನುಗ್ಗಿ ಬಂದು ಮಚ್ಚಿನ ಮಗ್ಗುಲಿನಿಂದ ಅವನ ಮೊಣಕೈಗೆ ಬಡಿದ; ತೋಳು ಜೋತು ಬಿತ್ತು. ಎರಡನೆಯ ಏಟಿಗೆ ಎತ್ತಿದ ಮಚ್ಚು ಮಾತ್ರ ಗಾಳಿಯಲ್ಲೇ ನಿಂತಿತು. ಅಜ್ಜಿಯ ಕುತ್ತಿಗೆ ನೋಡಿದ, ನೆಲದ ಕತ್ತಿ ನೋಡಿದ, ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ ಬೆಲಾರ್ಮಿನಾಳನ್ನು ನೋಡಿದ. ಕತ್ತಿಯನ್ನೆತ್ತಿ ಹೆಬ್ಬೆರಳಿನಿಂದ ಅಂಚು ಸವರಿ, ಅವಳ ಕೈಗಿಟ್ಟ.

"ತಗಂಡು ಹೋಗು ನಿನ್ ತಮ್ಮನ್ನ" ಎಂದ.

ರೊಸೆಂದಾ ದೂರು ಕೊಡಲಿಲ್ಲ. ಕೊಟ್ಟರೆ ಏನೆಂದು ಕೊಡಬೇಕು? ಕುತ್ತಿಗೆಗೆ ಕರಿ ಬಟ್ಟೆ ಸುತ್ತಿಕೊಂಡು ರೊಟ್ಟಿ ತಟ್ಟಿದಳು, ಸಾಯುವ ತನಕ.

ಅನಾನಿಯಾಸ್ ತೋಳು ಕೂಡಿದ ಮೇಲೆ ನದಿಯಾಚೆಗೆ ಹೊರಟುಹೋದ. ಹೊರಡುವಾಗ, "ನೀನು ನಂಗೆ ಮೋಸ ಮಾಡ್ದೆ ಅಕ್ಕ" ಎಂದ. "ಹೂಂ" ಎಂದಳು. "ಉಂಡು ಹೋಗು." ಅವನು ಉಣ್ಣದೆ ಹೋದ. ಮದುವೆಯಾದ, ಎರಡು ಮಕ್ಕಳಾದವು ಎಂಬ ಸುದ್ದಿ ಬಂತು, ಅವನು ಬರಲಿಲ್ಲ.

ನಾರ್ಸಿಸೊ ತನ್ನ ಕತ್ತಿ ಕೇಳಲು ಬಂದ ದಿನ ಸಂತೆಯಿತ್ತು. ಒಂದು ಸಲ ಗದ್ದಕ್ಕೆ ಎಳೆದು ನೋಡಿ, ಬೀದಿಯಲ್ಲಿ ನಿಂತು ಕೂಗಿದ: "ನೋಡ್ರಪ್ಪೋ! ಇಂಗ್ಲಿಷ್ ಕತ್ತಿ ಹದ ಸುಟ್ಟವ್ಳೆ ನಿಮ್ ದೊಡ್ ಸಾಣೆಗಾರ್ತಿ! ಕುಡ್ದು ಮಸಿದ್ಯೇನವ್ವಾ?"

ಜನ ಸೇರಿದರು. ಅಂಚನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು, ನಕ್ಕರು. ತಮ್ಮ ಕೊಲೆಗೆ ಹವಣಿಸಿದ್ದು ಅಧಿಕಾರಿಗಳ ಕಿವಿಗೆ ಬೀಳಬಾರದು. ಹಾಗಾಗಿ ನಿಜ ಹೇಳುವಂತಿರಲಿಲ್ಲ. ನಾನು ಬಾಯಿ ತೆರೆಯಲು ಹೋದೆ. ಅವಳು ನನ್ನ ಮುರಿದ ಭುಜವನ್ನೇ ಹಿಡಿದು ಒತ್ತಿದಳು, ಕಣ್ಣಲ್ಲಿ ನೀರು ಬರುವಷ್ಟು.

"ಕೈ ತಪ್ತು ಕಣಪ್ಪಾ" ಎಂದಳು ನಾರ್ಸಿಸೊಗೆ. "ವಯಸ್ಸಾಯ್ತು."

ಆಗ ಅವಳಿಗೆ ನಲವತ್ತೊಂದು.